ನೆನಪಿದೆ ಎಂದವರು ಯಾರು?

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಮೂಡಿಗೆರೆ ಸೀಮೆಯಲ್ಲಿ ಯಾರು ಯಾರಿಗೆ ಫೋನ್ ಮಾಡಿದರೂ ಮೊದಲ ಮಾತು ಒಂದೇ: "ಮಳೆ ಬಂತಾ?" ಮದುವೆ ಮಾತುಕತೆಗೆ ಮಾಡಿದ ಫೋನಾದರೂ ಸರಿ, ಆಸ್ಪತ್ರೆಯಲ್ಲಿರುವವರ ಯೋಗಕ್ಷೇಮ ಕೇಳಲು ಮಾಡಿದ್ದಾದರೂ ಸರಿ, ಮೊದಲು ಮಳೆ, ಆಮೇಲೆ ಉಳಿದದ್ದು. ಕಾಫಿಗೆ ಹೂಮಳೆ ಆಗಬೇಕು. ಆದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಬೇಕು. ಮತ್ತೆ ಇನ್ನೊಂದು ಮಳೆ ಬಿದ್ದು ಹೂವು ಕಾಯಿಕಟ್ಟಬೇಕು. ವರ್ಷದ ಅನ್ನ ಆ ಎರಡು ಮಳೆಯ ಮೇಲೆ ನಿಂತಿರುವುದರಿಂದ ಈ ಪ್ರಶ್ನೆ ನಮಗೆ ನಮಸ್ಕಾರವಿದ್ದ ಹಾಗೆ. ಸಾವಿರ ಸಲ ಆಡಿ ಸವೆದ ಮಾತು. ಆದರೂ ಅದು ಸುಳ್ಳು ಮಾತಲ್ಲ, ಏಕೆಂದರೆ ಕೇಳಿದವರು ಉತ್ತರಕ್ಕೆ ಕಾಯುತ್ತಾರೆ. "ಇಲ್ಲ ಕಣೇ, ಬಣಕಲ್‌ವರೆಗೆ ಬಂದು ಹೋಯಿತಂತೆ" ಎಂದರೆ ಅತ್ತ ಕಡೆಯಿಂದ ನಿಜವಾದ ಒಂದು ನಿಟ್ಟುಸಿರು ಕೇಳಿಸುತ್ತದೆ.

ಸವೆದ ಮಾತಿಗೂ ಸುಳ್ಳು ಮಾತಿಗೂ ವ್ಯತ್ಯಾಸವೇನು ಎಂದು ನಾನು ಕೂತು ಯೋಚಿಸಬೇಕಾಗಿ ಬಂದದ್ದು ಅಂಥದೇ ಒಂದು ಮಾರ್ಚ್ ತಿಂಗಳಲ್ಲಿ.

ನಮ್ಮದು ಸಣ್ಣ ತೋಟ. ನಾನು ಮದುವೆಯಾಗಿ ಬಂದ ಕಾಲದಲ್ಲಿ ಈ ಮನೆಯಲ್ಲಿ 'ಗ್ರಾಹಕ' ಎಂಬ ಶಬ್ದವೇ ಇರಲಿಲ್ಲ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲಿಗೆ ಕೊಟ್ಟು, ಅವರು ಕಂತಿನಲ್ಲಿ ಕೊಡುವ ಹಣಕ್ಕೆ ಕಾಯುವುದಷ್ಟೇ ನಮ್ಮ ವ್ಯಾಪಾರ. ನಮ್ಮ ಕಾಫಿಯನ್ನು ಯಾರು ಕುಡಿದರು, ಅವರಿಗೆ ಹಿಡಿಸಿತೋ ಇಲ್ಲವೋ, ನಮಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಎಂದೂ ಅನ್ನಿಸಿರಲಿಲ್ಲ. 1996ರಲ್ಲಿ ಆ ಪದ್ಧತಿ ಪೂರ್ತಿ ಹೋಯಿತು. ಅದಾಗಿ ಕೆಲವೇ ವರ್ಷಗಳಲ್ಲಿ ಪ್ರಪಂಚದ ಕಾಫಿ ಬೆಲೆ ಕುಸಿದಾಗ ನಮ್ಮಂಥ ಹಲವು ಮನೆಗಳು ಅತಿಥಿಗಳಿಗೆ ಬಾಗಿಲು ತೆರೆದವು. ನಾವೂ ಹಿತ್ತಲ ಕಡೆಯ ಮೂರು ಕೋಣೆಗೆ ಸುಣ್ಣ ಬಳಿಸಿ, ಬಿಸಿನೀರಿನ ವ್ಯವಸ್ಥೆ ಮಾಡಿ, ಹೋಂಸ್ಟೇ ಎಂದು ಬೋರ್ಡು ಹಾಕಿದೆವು. ದುಡ್ಡು ತೆಗೆದುಕೊಂಡು ಊಟ ಬಡಿಸುವುದೇ ಎಂದು ನಮ್ಮತ್ತೆ ಮೂರು ದಿನ ಮುಖ ಗಂಟು ಹಾಕಿಕೊಂಡಿದ್ದರು. ನಾಲ್ಕನೇ ದಿನ ಅವರೇ ಅತಿಥಿಗಳಿಗೆ ಎರಡನೇ ಸಲ ಕಡುಬು ಬಡಿಸುತ್ತಿದ್ದರು.

ಬಂದವರ ವಿವರ ಬರೆದಿಡಲು ನಾನೊಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟುಕೊಂಡಿದ್ದೆ. ಹೆಸರು, ಊರು, ಫೋನ್ ನಂಬರಿನ ಪಕ್ಕದಲ್ಲಿ ನನಗೆ ಬೇಕಾದ ಟಿಪ್ಪಣಿ: 'ಸಕ್ಕರೆ ಕಾಯಿಲೆ, ರಾತ್ರಿ ಅನ್ನ ಬೇಡ.' 'ಮೊಣಕಾಲು ನೋವು, ಮೆಟ್ಟಿಲಿಲ್ಲದ ಕೋಣೆ.' 'ಮಗುವಿಗೆ ಜೇನು ಆಗುವುದಿಲ್ಲ.' ಇದು ಯಾರಿಗೂ ತೋರಿಸಲು ಬರೆದದ್ದಲ್ಲ. ಅಡುಗೆಮನೆಯಲ್ಲಿ ಕೈ ತಪ್ಪಬಾರದು ಎಂದು ಬರೆದದ್ದು.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಒಂದು ದಸರೆ ರಜೆಗೆ ಬಂದವಳು ಈ ಪುಸ್ತಕ ನೋಡಿ ಹಣೆ ಚಚ್ಚಿಕೊಂಡಳು. "ದೊಡ್ಡಮ್ಮ, ಇಷ್ಟೊಂದು ಮಾಹಿತಿ ಇಟ್ಕೊಂಡು ಸುಮ್ನೆ ಕೂತಿದ್ದೀರಲ್ಲ! ಒಂದು ಸಲ ಬಂದೋರನ್ನ ಮತ್ತೆ ಕರೆಯೋದೇ ಇಲ್ವಾ ನೀವು?" ನಾನು, "ಅವರಿಗೇ ಮನಸ್ಸಾದರೆ ಬರ್ತಾರೆ" ಎಂದೆ. ಅವಳು ನಕ್ಕು, ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿದ ತಿಂಗಳ ಹಾಳೆ ಹರಿದು ಹಿಂಬದಿಯಲ್ಲಿ ಚೌಕಗಳನ್ನು ಬರೆಯತೊಡಗಿದಳು. ನೋಡಲು ನಾವು ಚಿಕ್ಕವರಿದ್ದಾಗ ಜಗಲಿಯಲ್ಲಿ ಬರೆದು ಆಡುತ್ತಿದ್ದ ಚೌಕಾಬಾರದ ಮನೆಗಳ ಹಾಗೆಯೇ ಇತ್ತು.

ಅವಳು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಇದಕ್ಕೆ ಕ್ಯಾಂಪೇನ್ ಎನ್ನುತ್ತಾರಂತೆ. ಮೊದಲು, ಯಾವ ಘಟನೆಯಾದರೆ ಸಂದೇಶ ಹೊರಡಬೇಕು ಎಂದು ಗೊತ್ತುಮಾಡುವುದು: ಕೋಣೆ ಕಾದಿರಿಸಿದರೆ ಒಂದು, ಬಂದು ಹೋದ ಮರುದಿನ ಒಂದು, ಹುಟ್ಟುಹಬ್ಬಕ್ಕೆ ಒಂದು, ಆರು ತಿಂಗಳು ಸುದ್ದಿಯಿಲ್ಲದಿದ್ದರೆ ಮತ್ತೊಂದು. ಎರಡನೆಯದು, ಜನರನ್ನು ಗುಂಪು ಮಾಡುವುದು: ಮಕ್ಕಳಿದ್ದವರು, ಹೊಸದಾಗಿ ಮದುವೆಯಾದವರು, ವಯಸ್ಸಾದವರು. ಮೂರನೆಯದು, ಒಂದು ಸಂದೇಶಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ದಿನ ಕಾಯಬೇಕು ಎನ್ನುವುದು. ನಾಲ್ಕನೆಯದು ಕವಲು: ಉತ್ತರ ಬಂದರೆ ಈ ದಾರಿ, ಬಾರದಿದ್ದರೆ ಆ ದಾರಿ. ಕೊನೆಯದು, ಎಲ್ಲಿ ನಿಲ್ಲಿಸಬೇಕು ಎನ್ನುವುದು. ಈ ಕೊನೆಯ ಚೌಕವನ್ನು ಅವಳು ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಬರೆದಳು, ಜಾಗವಿರಲಿಲ್ಲ. ನಾನೂ ಅದರ ಬಗ್ಗೆ ಕೇಳಲಿಲ್ಲ.

ಎರಡು ದಿನ ಕೂತು ನನ್ನ ಪುಸ್ತಕವನ್ನೆಲ್ಲ ಅವಳು ಕಂಪ್ಯೂಟರಿನ ಅಂಕಣಗಳಿಗೆ ಇಳಿಸಿದಳು. ನಾನು ಓದಿ ಹೇಳುತ್ತಿದ್ದೆ, ಅವಳು ಬೆರಳಾಡಿಸುತ್ತಿದ್ದಳು. ವಾಟ್ಸಾಪಿನಲ್ಲಿ ಹೋಗಬೇಕಾದ ಸಂದೇಶಗಳ ನಮೂನೆಗೆ ಮೊದಲೇ ಒಪ್ಪಿಗೆ ಪಡೆಯಬೇಕಂತೆ, ಅದನ್ನೂ ಪಡೆದಳು. ಕನ್ನಡ ಚೆನ್ನಾಗಿರಲಿ ಎಂದು ಮಾತುಗಳನ್ನು ನಾನೇ ಜೋಡಿಸಿ ಕೊಟ್ಟೆ. 'ನಮ್ಮ ಅಂಗಳ ನಿಮ್ಮನ್ನು ನೆನೆಯುತ್ತಿದೆ' ಎಂಬ ವಾಕ್ಯ ನನ್ನದೇ. ಬರೆದಾಗ ಹೆಮ್ಮೆಯಾಗಿತ್ತು.

ಫಲವೂ ಬೇಗ ಕಂಡಿತು. ಮರೆತೇಹೋಗಿದ್ದವರು ಮತ್ತೆ ಬಂದರು. ಹುಬ್ಬಳ್ಳಿಯ ಒಬ್ಬ ಮಹಿಳೆ ಫೋನ್ ಮಾಡಿ, "ಎಷ್ಟು ಜನ ಬರ್ತಾರ ನಿಮ್ಮಲ್ಲಿಗೆ, ಆದ್ರೂ ನಮ್ಮ ಮದುವಿ ದಿನ ನೆನಪಿಟ್ಟೀರಲ್ಲ!" ಎಂದರು. ನಾನು, "ಅಯ್ಯೋ, ಮರೆಯೋಕಾಗುತ್ತಾ?" ಎಂದುಬಿಟ್ಟೆ. ಫೋನ್ ಇಟ್ಟಮೇಲೆ ಅವರ ಮುಖ ಜ್ಞಾಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ. ನಾನು ಇದರಲ್ಲಿ ಹೇಳಿದ ಮೊದಲ ಸುಳ್ಳು ಅದು. ಯಂತ್ರ ಹೇಳಿದ್ದಲ್ಲ, ನನ್ನ ಬಾಯಿಂದಲೇ ಬಂದದ್ದು. ಚಿಕ್ಕ ಸುಳ್ಳು, ಯಾರಿಗೂ ನಷ್ಟವಿಲ್ಲ ಎಂದುಕೊಂಡು ಮಜ್ಜಿಗೆ ಕಡೆಯಲು ಹೋದೆ.

ಅದರ ಮುಂದಿನ ಮಾರ್ಚ್‌ನಲ್ಲಿ ಒಂದು ದಿನ ಅವಳು ಬೆಂಗಳೂರಿನಿಂದ ಫೋನ್ ಮಾಡಿದಳು. ದನಿ ಎಂದಿನಂತಿರಲಿಲ್ಲ. "ದೊಡ್ಡಮ್ಮ, ಉತ್ತರ ಬಂದು ಬೀಳೋ ಪೆಟ್ಟಿಗೆ ತೆಗೆದು ನೋಡಿ. ಒಂದು ಮೆಸೇಜ್ ಇದೆ." ಆ ಪೆಟ್ಟಿಗೆ ನನ್ನ ಫೋನಿನ ಸಾಧಾರಣ ವಾಟ್ಸಾಪಿನಲ್ಲಿ ಇರಲಿಲ್ಲ, ಬೇರೆ ಕಡೆ, ಬೇರೆ ಗುರುತಿನ ಪದ ಹಾಕಿ ತೆರೆಯಬೇಕಾಗಿತ್ತು. ನಾನು ವಾರಕ್ಕೊಮ್ಮೆ ನೋಡಿದರೆ ಹೆಚ್ಚು.

ಹಿಂದಿನ ವರ್ಷಕ್ಕೂ ಹಿಂದೆ, ಡಿಸೆಂಬರಿನಲ್ಲಿ, ಹಣ್ಣು ಕುಯ್ಯುವ ಕಾಲದಲ್ಲಿ, ಒಬ್ಬ ಹುಡುಗಿ ಗಂಡನ ಜೊತೆ ಬಂದಿದ್ದಳು. ನನ್ನ ಪುಸ್ತಕದಲ್ಲಿ ಬರೆದಿತ್ತು: 'ಆರನೇ ತಿಂಗಳು. ಮಾರ್ಚ್‌ಗೆ ಹೆರಿಗೆ. ಕಾಫಿ ಬೇಡ, ಹಾಲು. ಉಪ್ಪಿನಕಾಯಿ ಕೇಳಿದರೆ ಕೊಡುವುದು.' ದಸರೆಯಲ್ಲಿ ನಾನು ಓದಿ ಹೇಳಿದ ಈ ಸಾಲು 'ಮಗುವಿನ ಹುಟ್ಟುಹಬ್ಬ: ಮಾರ್ಚ್' ಎಂದು ಅಂಕಣ ಸೇರಿತ್ತು. ತಾರೀಖು ಗೊತ್ತಿಲ್ಲದ್ದರಿಂದ ಅವಳು 15 ಎಂದು ಹಾಕಿದ್ದಳು. ಆ ದಿನ ಬೆಳಿಗ್ಗೆ ಸಂದೇಶ ಹೋಗಿತ್ತು: 'ನಿಮ್ಮ ಕಂದನಿಗೆ ಮೊದಲ ಹುಟ್ಟುಹಬ್ಬದ ಶುಭಾಶಯ. ನಮ್ಮ ಅಂಗಳ ನಿಮ್ಮನ್ನು ನೆನೆಯುತ್ತಿದೆ. ಈ ಸಲ ಮಗುವನ್ನು ಕರೆದುಕೊಂಡು ಬನ್ನಿ.' ಕೆಳಗೆ ನನ್ನ ಹೆಸರು.

ಅದಕ್ಕೆ ಬಂದ ಉತ್ತರವನ್ನು ನಾನು ನಿಂತೇ ಓದಿದೆ. "ಆಂಟಿ, ನಮ್ಮ ಮಗು ಹುಟ್ಟಿದ ಮೂರನೇ ದಿನ ಹೋಗಿಬಿಟ್ಟಿತು. ಹೆಣ್ಣು ಮಗು. ನಿಮಗೆ ಗೊತ್ತಿರಲಿಲ್ಲ, ಅದಕ್ಕೆ ಬೇಜಾರು ಮಾಡ್ಕೋಬೇಡಿ. ಈ ತಿಂಗಳು ಬಂದಾಗಿನಿಂದ ನಮ್ಮನೇಲಿ ಯಾರೂ ಅವಳ ಮಾತೆತ್ತಿಲ್ಲ. ನನಗೆ ನೋವಾಗುತ್ತೆ ಅಂತ ಸುಮ್ಮನಿದ್ದಾರೆ. ಅವಳೊಬ್ಬಳು ಇದ್ದಳು ಅಂತ ನೆನಪಿಟ್ಕೊಂಡವರು ನೀವೊಬ್ಬರೇ. ಥ್ಯಾಂಕ್ಸ್ ಆಂಟಿ."

ಅದರ ಕೆಳಗೆ, ಎರಡು ದಿನ ಬಿಟ್ಟು, ನಾವು ಕಳಿಸಿದ ಇನ್ನೊಂದು ಸಂದೇಶವಿತ್ತು. ಉತ್ತರ ಬರೆದವರು ಆಸಕ್ತಿಯಿರುವವರು ಎಂಬ ಲೆಕ್ಕದಲ್ಲಿ ಯಂತ್ರ ಅವಳನ್ನು ಒಳ್ಳೆಯ ಕವಲಿಗೆ ಹಾಕಿತ್ತು. 'ನಿಮಗಾಗಿ ವಿಶೇಷ: ಈ ತಿಂಗಳೊಳಗೆ ಕೋಣೆ ಕಾದಿರಿಸಿದರೆ ಶೇಕಡಾ ಹತ್ತು ರಿಯಾಯಿತಿ.' ಅದಕ್ಕೆ ಉತ್ತರವಿರಲಿಲ್ಲ.

ಕೈ ನಡುಗುತ್ತಿತ್ತು. ಅಲ್ಲೇ ನಾಲ್ಕು ಮಾತು ಬರೆಯಲು ಹೋದೆ. ಆಗಲಿಲ್ಲ. ವ್ಯಾಪಾರದ ಖಾತೆಗೆ ಒಂದು ನಿಯಮವಿದೆ: ಎದುರಿನವರು ಬರೆದ 24 ಗಂಟೆಯೊಳಗಾದರೆ ಮಾತ್ರ ನಾವು ಸ್ವಂತ ಮಾತಿನಲ್ಲಿ ಉತ್ತರಿಸಬಹುದು, ಆಮೇಲೆ ಒಪ್ಪಿಗೆ ಪಡೆದ ನಮೂನೆಗಳನ್ನಷ್ಟೇ ಕಳಿಸಬಹುದು. ಜನರಿಗೆ ಕಾಟ ಕೊಡಬಾರದೆಂದು ಮಾಡಿದ ನಿಯಮ, ಒಳ್ಳೆಯದೇ. ಆದರೆ ಅವಳು ಬರೆದು ಮೂರು ದಿನವಾಗಿತ್ತು. ನನ್ನ ಹತ್ತಿರವಿದ್ದ ನಮೂನೆಗಳು ಸ್ವಾಗತ, ಧನ್ಯವಾದ, ಶುಭಾಶಯ, ರಿಯಾಯಿತಿ. ದುಃಖಕ್ಕೆ ನಮೂನೆ ಇರಲಿಲ್ಲ. ನಾವು ಮಾಡಿಯೇ ಇರಲಿಲ್ಲ.

ಪುಸ್ತಕ ತೆಗೆದು ನಂಬರು ಹುಡುಕಿ ಫೋನ್ ಮಾಡಿದೆ. ಏನು ಹೇಳಬೇಕು ಎಂದು ತೀರ್ಮಾನಿಸಿರಲಿಲ್ಲ. ಸುಮ್ಮನೆ ಅವಳ ಕೃತಜ್ಞತೆಯನ್ನು ಸ್ವೀಕರಿಸಿದ್ದರೆ ಅವಳಿಗೂ ಸಮಾಧಾನ, ನನಗೂ ಸಲೀಸು. ರಿಯಾಯಿತಿಯ ಸಂದೇಶವನ್ನು ಕೈತಪ್ಪಿನಿಂದ ಹೋಯಿತು ಎನ್ನಬಹುದಿತ್ತು. ಆದರೆ ಅವಳ ದನಿ ಕೇಳಿದ ಮೇಲೆ ಬಾಯಿಗೆ ಬಂದದ್ದು ನಿಜವೇ. "ಅದು ನಾನು ಕಳಿಸಿದ್ದಲ್ಲಮ್ಮ. ತಾನಾಗಿ ಹೋಗೋ ಹಾಗೆ ಮಾಡಿಟ್ಟಿದ್ವಿ. ನನಗೆ ನೆನಪಿರಲಿಲ್ಲ." ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡನೇದು ಬಂದಾಗ ಗೊತ್ತಾಯ್ತು ಆಂಟಿ. ಎರಡು ದಿನ ನೀವು ಅಂದ್ಕೊಂಡಿದ್ದೆ" ಎಂದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಇದನ್ನು ಹೇಳಿದಾಗ ಕೆಲವರು ತಕ್ಷಣ ಯಂತ್ರವನ್ನು ಬೈಯುತ್ತಾರೆ. ಸಿದ್ಧಮಾಡಿದ ಮಾತಿನಲ್ಲಿ ಎಲ್ಲಿಯ ಮನಸ್ಸು, ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಿಂದಿನ ಕಾಲ ಸಿದ್ಧಮಾತಿನ ಕಾಲವೇ ಆಗಿತ್ತು. ನಮ್ಮ ತಂದೆಗೆ ಬರುತ್ತಿದ್ದ ಕಾಗದಗಳೆಲ್ಲ 'ಉಭಯಕುಶಲೋಪರಿ ಸಾಂಪ್ರತ' ಎಂದೇ ಶುರುವಾಗುತ್ತಿದ್ದವು. ಬರೆದವರ ಮನೆಯಲ್ಲಿ ಮೂವರಿಗೆ ಜ್ವರವಿದ್ದರೂ ಉಭಯಕುಶಲವೇ. ಲಗ್ನಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚುವುದೂ, ಸಾವಿನ ಸುದ್ದಿಯ ಕಾರ್ಡನ್ನು ಓದಿ ಹರಿದುಹಾಕುವುದೂ ಎಲ್ಲರಿಗೂ ಒಂದೇ ಕ್ರಮ. ಯಾರ ಸ್ವಂತ ಮಾತೂ ಅಲ್ಲ. ದೊಡ್ಡ ಸಂತೋಷದಲ್ಲೂ ದೊಡ್ಡ ದುಃಖದಲ್ಲೂ ಸ್ವಂತ ಮಾತು ಹೊರಡದು ಎಂದು ಗೊತ್ತಿದ್ದೇ ಹಿರಿಯರು ಮಾತುಗಳನ್ನು ಮಾಡಿಟ್ಟಿದ್ದರು.

ಹಾಗೆಯೇ, ಕರೆಯುವುದಕ್ಕೂ ಒಂದು ಕಟ್ಟುಕಟ್ಟಳೆ ಇತ್ತು. ನಮ್ಮಜ್ಜಿ ಕುಂಕುಮದ ಬಟ್ಟಲು ಹಿಡಿದು ಅರಿಶಿನ ಕುಂಕುಮಕ್ಕೆ ಕರೆಯಲು ಹೊರಟರೆ ಯಾರ ಮನೆಗೆ ಮೊದಲು, ಯಾರಿಗೆ ಏನೆಂದು ಹೇಳಬೇಕು, ಎಲ್ಲ ಗೊತ್ತಾದದ್ದೇ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಗುಡ್ಡ ಹತ್ತಿಳಿಯಬೇಕು. ಅಜ್ಜಿ ಒಂದು ಮನೆಯಿಂದ ಏಳುವಾಗ ತಪ್ಪದೆ ಕೇಳುತ್ತಿದ್ದರು: "ಕೆಳಗಿನ ಮನೇಲಿ ಎಲ್ಲ ಸಮ ಇದ್ದಾರೇನೇ?" ಆಗ ನನಗೆ ಅದು ಸುಮ್ಮನೆ ಹರಟೆಯೆನಿಸುತ್ತಿತ್ತು. ಈಗ ತಿಳಿಯುತ್ತದೆ. ಆ ಮನೆಯಲ್ಲಿ ಸೂತಕವಿದ್ದರೆ, ಹುಡುಗಿಗೆ ಗರ್ಭ ನಿಲ್ಲದೆ ಹೋಗಿದ್ದರೆ, ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕರೆಯಲು ಬಂದವರಂತೆ ಅಲ್ಲ, ನೋಡಲು ಬಂದವರಂತೆ ಒಳಗೆ ಹೋಗುತ್ತಿದ್ದರು. ನನ್ನ ತಂಗಿಯ ಮಗಳು ಹಾಳೆಯ ಅಂಚಿಗೆ ತಳ್ಳಿದ ಕೊನೆಯ ಚೌಕ ಅಜ್ಜಿಯ ಕ್ರಮದಲ್ಲಿ ಮೊದಲನೆಯದಾಗಿತ್ತು.

ಅಜ್ಜಿಯ ಕಾಲವನ್ನು ಹೊಗಳಿ ಸುಮ್ಮನಾಗುವಂತೆಯೂ ಇಲ್ಲ. ಅವರ ಪಟ್ಟಿಯಲ್ಲೂ ಗುಂಪುಗಳಿದ್ದವು, ಮತ್ತು ಅವು ನಿರ್ದಯವಾಗಿದ್ದವು. ನನ್ನ ಸೋದರತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಕುಂಕುಮ ಕೊಡುವವರು ಬಂದಾಗ ಅವರು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದರು. ಒಂದು ಜನ್ಮದಲ್ಲಿ ಎಷ್ಟು ಸಲ ಆ ಬಟ್ಟಲು ಅವರ ಮುಂದೆ ಬಾರದೆ ತಿರುಗಿಹೋಗಿರಬಹುದು! ಅದನ್ನು ಮಾಡಿದ್ದು ಯಂತ್ರವಲ್ಲ, ಪ್ರೀತಿಯುಳ್ಳ ಹೆಂಗಸರು, ಎದುರೆದುರಿಗೆ ನಿಂತೇ ಮಾಡಿದರು. ಆದ್ದರಿಂದ ಮನುಷ್ಯರ ಕೈಯಲ್ಲಿದ್ದರೆ ಸಾಕು, ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳಲಾರೆ. ಪಟ್ಟಿ ಮಾಡುವವರು ಪಟ್ಟಿಯಿಂದ ನೋಯುವವರ ಮುಖ ನೋಡಬೇಕು. ಅಜ್ಜಿ ಒಂದು ಕಡೆ ನೋಡಿದರು, ಇನ್ನೊಂದು ಕಡೆ ನೋಡಲಿಲ್ಲ.

ಹಾಗಾದರೆ ನಾನು ಮಾಡಿದ ತಪ್ಪು ಯಾವುದು? ಸಿದ್ಧಮಾತು ಕಳಿಸಿದ್ದಲ್ಲ. ಯಂತ್ರದ ಕೈಯಲ್ಲಿ ಕಳಿಸಿದ್ದೂ ಅಲ್ಲ. ನನ್ನ ತಂಗಿಯ ಮಗಳ ಜೊತೆ ಇದನ್ನೇ ಎಷ್ಟೋ ಸಲ ಚರ್ಚೆ ಮಾಡಿದ್ದೇನೆ. ಅವಳ ವಾದ ತಳ್ಳಿಹಾಕುವಂಥದ್ದಲ್ಲ. "ದೊಡ್ಡಮ್ಮ, ಯಂತ್ರ ಇಲ್ಲದಿದ್ರೆ ನೀವು ಅವರಿಗೆ ಬರೀತಾನೇ ಇರಲಿಲ್ಲ. ಮನೆಯವರೆಲ್ಲ ಸುಮ್ಮನಿದ್ದಾಗ ಆ ಮೆಸೇಜಿಂದ ಅವರಿಗೆ ಸಮಾಧಾನ ಆಯ್ತು ತಾನೇ? ಯಾರೂ ನೆನೆಯದೆ ಇರೋದಕ್ಕಿಂತ ಅದು ವಾಸಿ ಅಲ್ವಾ?" ಈ ಪ್ರಶ್ನೆ ನನ್ನನ್ನು ಹಲವು ರಾತ್ರಿ ಕಾಡಿದೆ. ಆ ಎರಡು ದಿನದ ಸಮಾಧಾನ ನಿಜವೇ. ಅದನ್ನು ಇಲ್ಲವೆನ್ನಲು ನಾನು ಯಾರು?

ಅವಳೇ ಒಮ್ಮೆ ಒಂದು ಕಥೆ ಹೇಳಿದಳು. 1966ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದರಂತೆ. ನಾವು ಆಡಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದಕ್ಕೆ ಗೊತ್ತಿದ್ದದ್ದು. ಅವರು ಅದನ್ನು ಬರೆಯುವುದನ್ನು ತಿಂಗಳುಗಟ್ಟಲೆ ನೋಡಿದ್ದ ಕಾರ್ಯದರ್ಶಿಯೇ, ಅದರೊಡನೆ ಸ್ವಲ್ಪ ಮಾತಾಡಿದ ಮೇಲೆ, ತಾವು ಹೊರಗೆ ಹೋಗಿ ಎಂದು ಅವರನ್ನು ಕೇಳಿಕೊಂಡಳಂತೆ. ಗುಟ್ಟಿನ ಮಾತಾಡಲು! ಯಂತ್ರವೆಂದು ಗೊತ್ತಿದ್ದೂ ಮನುಷ್ಯರಿಗೆ ಅದರಿಂದ ಸಮಾಧಾನ ಸಿಗುತ್ತದೆ ಎನ್ನಲು ಅವಳು ಇದನ್ನು ಹೇಳಿದ್ದು. ನಾನು ಹೇಳಿದೆ: "ಆಕೆಗೆ ಗೊತ್ತಿತ್ತಲ್ಲ. ದೇವರ ಮುಂದೆ, ತುಳಸಿಕಟ್ಟೆಯ ಮುಂದೆ, ಹಟ್ಟಿಯ ಹಸುವಿನ ಮುಂದೆ ನಾವೂ ಹೇಳಿಕೊಳ್ಳುತ್ತೇವೆ. ಯಾರ ಮುಂದೆ ಎಂದು ಗೊತ್ತಿದ್ದು ಹೇಳಿಕೊಳ್ಳುತ್ತೇವೆ. ಆ ಹುಡುಗಿಗೆ ನಾನು ಅದನ್ನು ಗೊತ್ತಾಗಗೊಡಲಿಲ್ಲ. ನನ್ನ ಹೆಸರು ಬರೆದಿಟ್ಟು, ಬಾಗಿಲ ಹಿಂದೆ ಯಾರೂ ಇಲ್ಲದೆ ಕರೆದೆ."

ಖೋಟಾ ನೋಟಿನಿಂದಲೂ ಒಬ್ಬರ ಒಂದು ಹೊತ್ತಿನ ಊಟ ನಡೆಯಬಹುದು. ಆದರೆ ಅದು ಯಾವಾಗಲೋ ಯಾರದೋ ಕೈಯಲ್ಲಿ ಸಿಕ್ಕಿಬೀಳುತ್ತದೆ, ಆಮೇಲೆ ನಿಜವಾದ ನೋಟನ್ನೂ ಬೆಳಕಿಗೆ ಹಿಡಿದು ನೋಡುವ ಹಾಗಾಗುತ್ತದೆ. ಆ ಹುಡುಗಿಗೆ ನಾಳೆ ಅವಳ ಗೆಳತಿಯೊಬ್ಬಳು ಮನಸ್ಸಿಟ್ಟು 'ನೆನಪಾಯಿತು ಕಣೆ' ಎಂದು ಬರೆದರೆ, ಇದು ಅವಳೇ ಬರೆದದ್ದೋ ತಾನಾಗಿ ಬಂದದ್ದೋ ಎಂಬ ಅನುಮಾನ ಒಂದು ಕ್ಷಣ ಬಾರದಿರುತ್ತದೆಯೆ? ನನ್ನ ಮೂರು ಕೋಣೆ ತುಂಬಿಸಿಕೊಳ್ಳಲು ನಾನು ಖರ್ಚು ಮಾಡಿದ್ದು ನನ್ನ ಗಂಟನ್ನಲ್ಲ, ಯಾರೋ ನಿಜವಾಗಿ ನೆನೆಯುವವರ ಮಾತಿನ ಬೆಲೆಯನ್ನು.

ಯಂತ್ರದ ಕರೆ ಪ್ರಾಮಾಣಿಕವಾಗಿ ಇರಬಲ್ಲದು ಎಂಬುದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಕಾಫಿ ಬೋರ್ಡು 2018ರ ಡಿಸೆಂಬರಿನಲ್ಲಿ 'ಕಾಫಿ ಕೃಷಿ ತರಂಗ' ಎಂಬ ಫೋನ್ ಸೇವೆಯನ್ನು ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರಿಗೆಂದು ಆರಂಭಿಸಿತು. ಮೊದಲೇ ಧ್ವನಿಮುದ್ರಿಸಿದ ಸಲಹೆ ಫೋನಿನಲ್ಲಿ ಬರುತ್ತದೆ: ಕಾಂಡಕೊರಕ, ಗೊಬ್ಬರ, ಚಿಗುರು ತೆಗೆಯುವ ಕಾಲ. ಅದು ಯಾರನ್ನೂ 'ನಿಮ್ಮ ನೆನಪಾಯಿತು' ಎನ್ನುವುದಿಲ್ಲ. ಹೇಳಬೇಕಾದ್ದನ್ನು ಹೇಳುತ್ತದೆ. ಮುಖ್ಯವಾಗಿ, ಬೆಳೆಗಾರರು ತಮ್ಮ ಪ್ರಶ್ನೆಯನ್ನು ತಮ್ಮದೇ ದನಿಯಲ್ಲಿ ಮುದ್ರಿಸಿ ಕಳಿಸಿದರೆ ಅದಕ್ಕೆ ಉತ್ತರ ಬರುವ ಏರ್ಪಾಡೂ ಆ ಸೇವೆಯಲ್ಲೇ ಸೇರಿತ್ತು. ದನಿ ಯಂತ್ರದ್ದು, ಆದರೆ ಅದರ ತುದಿಯಲ್ಲಿ ಕೇಳುವ ಕಿವಿ ಇದೆ.

ಕಾನೂನೂ ತನ್ನ ಕೈಲಾದಷ್ಟು ಮಾಡಿದೆ. ಬೇಡದ ಸಂದೇಶ ನಿಲ್ಲಿಸಲು 1909 ಎಂಬ ನಂಬರಿದೆ. 2025ರಲ್ಲಿ ಟ್ರಾಯ್ ತನ್ನ ನಿಯಮ ತಿದ್ದಿ, ವ್ಯಾಪಾರದ ಎಸ್ಸೆಮ್ಮೆಸ್ ಕಳಿಸಿದವರ ಹೆಸರಿನ ಕೊನೆಗೆ ಪಿ, ಎಸ್, ಟಿ, ಜಿ ಎಂಬ ಅಕ್ಷರಗಳಲ್ಲೊಂದು ಇರಬೇಕೆಂದು ಮಾಡಿತು. ಪಿ ಎಂದರೆ ಪ್ರಚಾರ, ಜಿ ಎಂದರೆ ಸರ್ಕಾರ. ಸ್ವಂತ ಮಾಹಿತಿಯ ರಕ್ಷಣೆಗೆಂದು ಬಂದ 2023ರ ಕಾಯಿದೆ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಿರಬೇಕು ಎನ್ನುತ್ತದೆ. ಯಾವ ಉದ್ದೇಶಕ್ಕೆ ಒಪ್ಪಿಗೆಯೋ ಅದಕ್ಕೆ ಎಷ್ಟು ಬೇಕೋ ಅಷ್ಟೇ ಮಾಹಿತಿ ಎಂದೂ ಹೇಳುತ್ತದೆ. ಇದನ್ನು ಕೇಳಿದಾಗ ನನ್ನ ಪುಸ್ತಕ ಕಣ್ಣಮುಂದೆ ಬಂತು. 'ಆರನೇ ತಿಂಗಳು' ಎಂದು ಆ ಹುಡುಗಿ ನನಗೆ ಹೇಳಿದ್ದು ಹಾಲು ಬೇಕೆಂದು. ನಾನು ಅದನ್ನು ಕೋಣೆ ಮಾರಲು ಬಳಸಿದೆ. ಬಡಿಸಲೆಂದು ತಿಳಿದುಕೊಂಡದ್ದನ್ನು ಮಾರಲೆಂದು ತಿರುಗಿಸಿದೆ. ಆದರೆ 'ನೆನೆಯುತ್ತಿದೆ' ಎಂಬ ಮಾತು ನಿಜವೋ ಅಲ್ಲವೋ ಎಂದು ಯಾವ ಕಾಯಿದೆಯೂ ಕೇಳಲಾರದು. ಅದನ್ನು ಬರೆದವಳೇ ಕೇಳಿಕೊಳ್ಳಬೇಕು.

ಈಗ ನಮ್ಮ ಚೌಕಗಳನ್ನು ಹೊಸದಾಗಿ ಬರೆದಿದ್ದೇವೆ. ಯಂತ್ರವನ್ನು ಬಿಡಲಿಲ್ಲ. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು ದಾರಿ ಮುಚ್ಚಿದಾಗ, ಬರಬೇಕಾದವರಿಗೆ ಒಬ್ಬೊಬ್ಬರಿಗೇ ಸುದ್ದಿ ಮುಟ್ಟಿಸಲು ನೆಟ್‌ವರ್ಕ್ ಸಿಗುವ ದಿಬ್ಬದ ಮೇಲೆ ಕೊಡೆ ಹಿಡಿದು ಅರ್ಧ ದಿನ ನಿಂತಿದ್ದೆ. ಅಂಥ ಕೆಲಸವನ್ನು ಅದು ನನಗಿಂತ ಚೆನ್ನಾಗಿ ಮಾಡುತ್ತದೆ. ಆದ್ದರಿಂದ ಈಗ ನಾಲ್ಕೇ ಸಂದೇಶ: ಕೋಣೆ ಗೊತ್ತಾಗಿದೆ ಎಂದು ಒಂದು, ಮೂರು ದಿನ ಮುಂಚೆ ದಾರಿ, ಮಳೆ, ಇಂಬಳದ ಎಚ್ಚರಿಕೆ, ಬರುವ ದಿನ ಬೆಳಿಗ್ಗೆ ಒಂದು, ಹೋದ ಮರುದಿನ, ಏನಾದರೂ ಬಿಟ್ಟು ಹೋಗಿದ್ದರೆ ತಿಳಿಸಿ ಎಂದು ಒಂದು. ಪ್ರತಿಯೊಂದರ ಕೆಳಗೂ 'ಇದು ತಾನಾಗಿ ಹೋಗುವ ಸಂದೇಶ. ನೀವು ಉತ್ತರ ಬರೆದರೆ ನಾನೇ ಓದುತ್ತೇನೆ' ಎಂದಿದೆ. ಯಾರು ಏನೇ ಬರೆದರೂ ಮುಂದಿನ ಬಾಣಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ, ನಾನು ಓದಿ ಬಿಡುವವರೆಗೆ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಆ ಪೆಟ್ಟಿಗೆ ತೆಗೆಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕಾಯಿಲೆ, ಗರ್ಭ, ವಯಸ್ಸು, ಹುಟ್ಟುಹಬ್ಬದ ಅಂಕಣಗಳನ್ನು ಅಳಿಸಿಹಾಕಿದ್ದೇವೆ. ಅವು ಮತ್ತೆ ಲೆಕ್ಕದ ಪುಸ್ತಕಕ್ಕೆ, ಪುಸ್ತಕ ಮತ್ತೆ ಅಡುಗೆಮನೆಯ ಗೂಡಿಗೆ.

ಇದರಿಂದ ನಷ್ಟವಾಗಲಿಲ್ಲವೆ ಎಂದರೆ, ಆಯಿತು. ಮತ್ತೆ ಬರುವವರು ಮುಂಚಿನಷ್ಟಿಲ್ಲ. ನೂರು ಜನರಲ್ಲಿ ನನಗೆ ನೆನಪಿರುವವರು ಹತ್ತಿಪ್ಪತ್ತು ಜನ. ಅವರಿಗೆ ಮನಸ್ಸು ಬಂದಾಗ ನಾನೇ ಬರೆಯುತ್ತೇನೆ. ಉಳಿದವರನ್ನು ಮರೆತಿದ್ದೇನೆ, ಅವರೂ ನನ್ನನ್ನು ಮರೆತಿದ್ದಾರೆ. ಎರಡು ದಿನ ಒಟ್ಟಿಗೆ ಉಂಡು, ಚೆನ್ನಾಗಿ ಮಾತಾಡಿ, ಮರೆತುಬಿಡುವುದೂ ಮನುಷ್ಯರ ನಡುವಿನ ಒಂದು ಗೌರವದ ವ್ಯವಹಾರವೇ.

ಆ ಹುಡುಗಿ ಅಂದು ಫೋನಿನಲ್ಲಿ ಮಗು ಹುಟ್ಟಿದ ತಾರೀಖು ಹೇಳಿದ್ದಳು. ಅದನ್ನು ಮರುವರ್ಷದ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಂಡೆ. ಕ್ಯಾಲೆಂಡರ್ ಕೂಡ ಯಂತ್ರವೇ ಅಲ್ಲವೆ ಎಂದು ತಂಗಿಯ ಮಗಳು ಕೆಣಕಿದಳು. ಇರಬಹುದು. ಆದರೆ ಅದು ನೆನಪಿಸಿದ್ದು ನನಗೆ; ಅವಳಿಗೆ ಫೋನ್ ಮಾಡಬೇಕೋ ಬೇಡವೋ ಎಂದು ಬೆಳಗಿನಿಂದ ಒದ್ದಾಡಿದವಳು ನಾನು. ಹತ್ತು ಗಂಟೆಯ ಹೊತ್ತಿಗೆ ಮಾಡಿದೆ. ಅವಳು ನನ್ನ ದನಿ ಗುರುತು ಹಿಡಿದು ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಅವಳೇ ಕೇಳಿದಳು, "ಮಳೆ ಬಂತಾ ಆಂಟಿ?"

ಬಂದಿರಲಿಲ್ಲ. ಬಂದಿಲ್ಲ ಎಂದೆ.